ಕ್ರೈಸ್ತ ಪರಂಪರೆಯಲ್ಲಿ ದೈವಜ್ಞಾನಕ್ಕಾಗಿ ಪ್ರಾರ್ಥನೆ

ದೇವರನ್ನು ಇನ್ನೂ ಆಳವಾಗಿ ಅರಿಯಬೇಕು, ಅದಕ್ಕೆ ಬೇಕಾದ ವಿವೇಕವನ್ನು ಆತನೇ ಕೊಡಬೇಕು ಎಂದು ಬೇಡುವ ಪ್ರಾರ್ಥನೆ ಕ್ರೈಸ್ತ ಧರ್ಮದಷ್ಟೇ ಹಳೆಯದು. ಅದರ ಬೇರು ಯೆಹೂದ್ಯರ ಧರ್ಮಗ್ರಂಥಗಳಲ್ಲಿದೆ. ರೋಗ ವಾಸಿಯಾಗಲೆಂದೋ ಬೆಳೆ ಕೈಗೆ ಬರಲೆಂದೋ ಮೊರೆಯಿಡುವುದಕ್ಕಿಂತ ಇದು ಭಿನ್ನ. ಇಲ್ಲಿ ಕೊಡುವವನನ್ನೇ ಕೊಡು ಎಂದು ಕೇಳಲಾಗುತ್ತದೆ. ಓದಿ ಸಂಪಾದಿಸುವ ವಿದ್ಯೆಗೂ ಬೇಡಿ ಪಡೆಯುವ ಅರಿವಿಗೂ ಏನು ಸಂಬಂಧ ಎಂಬ ಪ್ರಶ್ನೆ ಈ ಪ್ರಾರ್ಥನೆಯ ಜೊತೆಜೊತೆಗೇ ನಡೆದು ಬಂದಿದೆ. ಈ ಪರಂಪರೆಯ ದೊಡ್ಡ ವಿದ್ವಾಂಸರಲ್ಲಿ ಹೆಚ್ಚಿನವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲಿಲ್ಲ. ಮೊದಲು ಮೊಣಕಾಲೂರಿದರು, ಆಮೇಲೆ ಓದಲು ಕುಳಿತರು.

ಹಳೆಯ ಒಡಂಬಡಿಕೆಯಲ್ಲಿ ಇದಕ್ಕೆ ಮಾದರಿ ಅರಸ ಸೊಲೊಮೋನ. ಗಿಬ್ಯೋನಿನಲ್ಲಿ ಕನಸಿನಲ್ಲಿ ದೇವರು ಕಾಣಿಸಿಕೊಂಡು ಬೇಕಾದ್ದನ್ನು ಕೇಳಿಕೋ ಎಂದಾಗ ಆತ ಐಶ್ವರ್ಯವನ್ನಾಗಲಿ ಶತ್ರುಗಳ ಪ್ರಾಣವನ್ನಾಗಲಿ ಕೇಳಲಿಲ್ಲ. ತಾನಿನ್ನೂ ಏನೂ ತಿಳಿಯದ ಹುಡುಗ, ಜನರಿಗೆ ನ್ಯಾಯ ತೀರಿಸಬಲ್ಲ ಹೃದಯ ಬೇಕು ಎಂದ. ಅಂದರೆ ಅವನು ಬೇಡಿದ ಜ್ಞಾನ ಆಳ್ವಿಕೆಯ ಜ್ಞಾನ. ಗ್ರೀಕ್ ಭಾಷೆಯಲ್ಲಿ, ಬಹುಶಃ ಅಲೆಕ್ಸಾಂಡ್ರಿಯದಲ್ಲಿ ರಚನೆಯಾದ ‘ಸೊಲೊಮೋನನ ಜ್ಞಾನಗ್ರಂಥ’ದ 9ನೆಯ ಅಧ್ಯಾಯ ಇದೇ ಬೇಡಿಕೆಯನ್ನು ದೀರ್ಘ ಪ್ರಾರ್ಥನೆಯಾಗಿ ಬೆಳೆಸಿತು. ಅಲ್ಲಿ ಜ್ಞಾನವು ದೇವರ ಸಿಂಹಾಸನದ ಪಕ್ಕದಲ್ಲಿ ಕುಳಿತಿರುವವಳು. ಅವಳನ್ನು ಕಳುಹಿಸಿಕೊಡದೆ ಮನುಷ್ಯನಿಗೆ ದೇವರ ಚಿತ್ತ ತಿಳಿಯದು. ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಸಭೆಗಳು ಈ ಗ್ರಂಥವನ್ನು ಬೈಬಲಿನ ಭಾಗವೆಂದು ಸ್ವೀಕರಿಸಿವೆ, ಪ್ರಾಟೆಸ್ಟೆಂಟರು ಸ್ವೀಕರಿಸಿಲ್ಲ. ಓದಿಗೂ ಬೇಡಿಕೆಗೂ ನಡುವೆ ನಿಲ್ಲುವುದು 119ನೆಯ ಕೀರ್ತನೆ. ದೇವರ ಕಟ್ಟಳೆಗಳನ್ನು ಹಗಲಿರುಳು ಓದುವವನೇ ನನ್ನ ಕಣ್ಣು ತೆರೆಸು, ನನಗೆ ಕಲಿಸು ಎಂದು ಮತ್ತೆಮತ್ತೆ ಗೋಗರೆಯುವ ಆ ಕೀರ್ತನೆಯ ಪ್ರಭಾವ ಮುಂದಿನ ಶತಮಾನಗಳಲ್ಲಿ ಬಹಳ ದೂರ ಹೋಯಿತು.

ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರಿಕೆ ವಿವೇಕ ಸಾಲದೆ ಹೋದವರು ಸಂದೇಹಪಡದೆ ದೇವರನ್ನು ಕೇಳಲಿ, ಆತ ಹಂಗಿಸದೆ ಕೊಡುತ್ತಾನೆ ಎಂದು ನೇರವಾಗಿ ಹೇಳುತ್ತದೆ. ಆದರೆ ಈ ಪ್ರಾರ್ಥನೆಯ ನಿಜವಾದ ತವರು ಪೌಲನ ಹೆಸರಿನ ಪತ್ರಿಕೆಗಳು. ಎಫೆಸದವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯದ 15ರಿಂದ 23ನೆಯ ವಚನದವರೆಗಿನ ಭಾಗ ಗ್ರೀಕ್ ಮೂಲದಲ್ಲಿ ಒಂದೇ ವಾಕ್ಯ. ಉಸಿರು ಬಿಡದೆ ಹರಿಯುವ ಆ ವಾಕ್ಯದಲ್ಲಿ ಬೇಡಿಕೆ ಇಷ್ಟೇ: ಓದುಗರಿಗೆ ದೇವರು ಜ್ಞಾನದ ಮತ್ತು ಪ್ರಕಟನೆಯ ಆತ್ಮವನ್ನು ಅನುಗ್ರಹಿಸಲಿ, ಅವರ ಹೃದಯದ ಕಣ್ಣು ಬೆಳಗಲಿ. ಆಗ ಅವರು ತಿಳಿಯಬೇಕಾದವು ಮೂರು: ಯಾವ ನಿರೀಕ್ಷೆಗಾಗಿ ತಮ್ಮನ್ನು ಕರೆದಿದೆ, ದೇವಜನರಲ್ಲಿರುವ ಸ್ವಾಸ್ಥ್ಯ ಎಷ್ಟು ಶ್ರೀಮಂತವಾದದ್ದು, ನಂಬುವವರಲ್ಲಿ ಕೆಲಸ ಮಾಡುವ ಶಕ್ತಿ ಎಷ್ಟು ದೊಡ್ಡದು.

ಇಲ್ಲಿ ಗಮನಿಸಲೇಬೇಕಾದ ಸಂಗತಿಯಿದೆ. ಪತ್ರಿಕೆಯ ಪ್ರಕಾರ ಬರೆದವನು ಸೆರೆಯಲ್ಲಿದ್ದಾನೆ; ಬಿಡುಗಡೆಯ ಮಾತೇ ಈ ಪ್ರಾರ್ಥನೆಯಲ್ಲಿಲ್ಲ. ಯಾರಿಗಾಗಿ ಬೇಡುತ್ತಾನೋ ಅವರು ಆಗಲೇ ನಂಬಿದವರು, ಒಬ್ಬರನ್ನೊಬ್ಬರು ಪ್ರೀತಿಸುವವರು. ಅಷ್ಟಾದರೂ ಅವರಿಗೆ ದೇವರನ್ನು ಅರಿಯುವುದು ಬಾಕಿಯಿದೆ. ಮೂರನೆಯ ಅಧ್ಯಾಯದಲ್ಲಿ ಇದೇ ಪ್ರಾರ್ಥನೆ ಮತ್ತೆ ಬಂದು, ಅರಿವಿಗೆ ಮೀರಿದ ಕ್ರಿಸ್ತನ ಪ್ರೀತಿಯನ್ನು ಅರಿಯುವಂತಾಗಲಿ ಎಂದು ಕೋರುತ್ತದೆ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆ ಈ ಜ್ಞಾನವನ್ನು ಸತ್ಕಾರ್ಯದ ಫಲಕ್ಕೆ ಬೆಸೆಯುತ್ತದೆ. ಫಿಲಿಪ್ಪಿಯವರಿಗೆ ಬರೆದದ್ದರಲ್ಲಿ ಬೆಳೆಯಬೇಕಾದದ್ದು ತಿಳಿವಳಿಕೆ ಕೂಡಿದ ಪ್ರೀತಿ. ಎಫೆಸದ ಪತ್ರಿಕೆಯನ್ನು ಪೌಲನೇ ಬರೆದನೋ ಅವನ ಶಿಷ್ಯನೋ ಎಂಬ ಚರ್ಚೆ ವಿದ್ವಾಂಸರಲ್ಲಿ ಮುಗಿದಿಲ್ಲ. ಸುಮಾರು 200ರ ಕಾಲದ ಪಪೈರಸ್ ಪ್ರತಿಯ ಮೊದಲ ವಚನದಲ್ಲಿ ಎಫೆಸದ ಹೆಸರೇ ಇಲ್ಲದಿರುವುದರಿಂದ ಇದು ಹಲವು ಸಭೆಗಳಲ್ಲಿ ಸುತ್ತಾಡಿದ ಪತ್ರಿಕೆಯಾಗಿರಬಹುದೆಂದು ಕೆಲವರ ಊಹೆ.

ಗುಪ್ತಜ್ಞಾನವೇ ಮುಕ್ತಿ, ಅದು ಕೆಲವರಿಗೆ ಮಾತ್ರ ಎಂಬ ಜ್ಞೇಯವಾದಿ ಪಂಥಗಳು 2ನೆಯ ಶತಮಾನದಲ್ಲಿ ಬೆಳೆದಾಗ ಈ ಪ್ರಾರ್ಥನೆಗೆ ಹೊಸ ತುರ್ತು ಬಂತು. ಲಿಯೋನ್ ನಗರದ ಧರ್ಮಾಧ್ಯಕ್ಷ ಐರೇನಿಯಸ್ ಸುಮಾರು 180ರಲ್ಲಿ ಅವರನ್ನು ಖಂಡಿಸಿ ಬರೆದ ಗ್ರಂಥದ ಮಧ್ಯದಲ್ಲಿ ವಾದವನ್ನು ನಿಲ್ಲಿಸಿ, ಇದನ್ನು ಓದುವ ಪ್ರತಿಯೊಬ್ಬನೂ ನಿನ್ನನ್ನು ಅರಿಯಲಿ ಎಂದು ದೇವರನ್ನು ಬೇಡುತ್ತಾನೆ. ಪ್ರತಿಯೊಬ್ಬನೂ ಎಂಬ ಆ ಕೋರಿಕೆಯಲ್ಲೇ ಅವನ ಉತ್ತರವಿದೆ. ಮುಂದಿನ ಶತಮಾನದಲ್ಲಿ ಬೈಬಲ್ ವಿದ್ವಾಂಸ ಒರಿಗೆನ್ ತನ್ನ ಶಿಷ್ಯ ಗ್ರೆಗರಿಗೆ ಕಾಗದ ಬರೆದು, ಗ್ರೀಕರ ತತ್ತ್ವಶಾಸ್ತ್ರ ಕಲಿತು ಅದನ್ನು ಧರ್ಮಗ್ರಂಥದ ಅಧ್ಯಯನಕ್ಕೆ ಬಳಸು ಎಂದ. ಆದರೆ ಹುಡುಕಿದರೆ, ತಟ್ಟಿದರೆ ಸಾಲದು. ದೈವಿಕ ವಿಷಯಗಳನ್ನು ತಿಳಿಯಲು ಎಲ್ಲಕ್ಕಿಂತ ಅಗತ್ಯವಾದದ್ದು ಪ್ರಾರ್ಥನೆ ಎಂದೂ ಸೇರಿಸಿದ.

ಈಜಿಪ್ಟಿನ ಮರುಭೂಮಿಯಲ್ಲಿ ಕೊನೆಯ ದಿನಗಳನ್ನು ಕಳೆದು 399ರಲ್ಲಿ ತೀರಿಕೊಂಡ ಸನ್ಯಾಸಿ ಎವಾಗ್ರಿಯಸ್ ಇದನ್ನು ಇನ್ನೂ ಬಿಗಿಗೊಳಿಸಿದ. ನಿಜವಾಗಿ ಪ್ರಾರ್ಥಿಸುವವನೇ ದೈವಶಾಸ್ತ್ರಜ್ಞ ಎಂಬುದು ಅವನ ನಿಲುವು. 6ನೆಯ ಶತಮಾನದಲ್ಲಿ ಅವನ ಬೋಧನೆಗಳು ಖಂಡನೆಗೊಳಗಾದರೂ ಪ್ರಾರ್ಥನೆಯನ್ನು ಕುರಿತ ಅವನ 153 ಸಣ್ಣ ಅಧ್ಯಾಯಗಳ ಪುಸ್ತಕ ನೀಲಸ್ ಎಂಬ ಇನ್ನೊಬ್ಬನ ಹೆಸರಿನಲ್ಲಿ ಉಳಿದುಕೊಂಡಿತು. ಪಶ್ಚಿಮದಲ್ಲಿ ಆಗಸ್ಟೀನ್ 386ರ ಚಳಿಗಾಲದಲ್ಲಿ, ಇನ್ನೂ ದೀಕ್ಷಾಸ್ನಾನವಾಗುವ ಮೊದಲೇ, ತನ್ನ ವಿವೇಚನೆಯ ಜೊತೆ ತಾನೇ ಸಂವಾದ ನಡೆಸುವ ಪುಸ್ತಕವೊಂದನ್ನು ಬರೆದ. ಅದು ಆರಂಭವಾಗುವುದು ಉದ್ದನೆಯ ಪ್ರಾರ್ಥನೆಯಿಂದ. ಅರಿಯಬಯಸುವುದೇನು ಎಂಬ ಪ್ರಶ್ನೆಗೆ ಅವನ ಉತ್ತರ ದೇವರು ಮತ್ತು ಆತ್ಮ, ಬೇರೇನೂ ಅಲ್ಲ. ತ್ರಿತ್ವವನ್ನು ಕುರಿತ ಅವನ 15 ಸಂಪುಟಗಳ ಮಹಾಗ್ರಂಥ ಮುಗಿಯುವುದೂ ಪ್ರಾರ್ಥನೆಯಿಂದಲೇ. ಅಷ್ಟೆಲ್ಲ ಬರೆದವನು ಕೊನೆಗೆ ತನ್ನನ್ನು ಅತಿಮಾತಿನಿಂದ ಬಿಡಿಸು ಎಂದು ಕೇಳಿಕೊಳ್ಳುತ್ತಾನೆ.

ಪೂರ್ವದ ಸಭೆಗಳಲ್ಲಿ ಕ್ರಿಸ್ತನೇ ದೇವರ ಜ್ಞಾನ ಎಂಬ ಭಾವ ಕಲ್ಲಿನಲ್ಲೂ ಮೂಡಿತು. ಕಾನ್‌ಸ್ಟಾಂಟಿನೋಪಲ್‌ನಲ್ಲಿ 537ರಲ್ಲಿ ಪ್ರತಿಷ್ಠೆಯಾದ ಹಾಗಿಯಾ ಸೋಫಿಯಾ ಅರ್ಪಿತವಾದದ್ದು ಆ ಪವಿತ್ರ ಜ್ಞಾನಕ್ಕೆ. ಕ್ರಿಸೊಸ್ತೋಮನ ಹೆಸರಿನ ಆರಾಧನಾ ಕ್ರಮದಲ್ಲಿ ಸುವಾರ್ತೆಯನ್ನು ಓದುವ ಮುನ್ನ ಹೃದಯಗಳಲ್ಲಿ ದೈವಜ್ಞಾನದ ಬೆಳಕು ಹೊಳೆಯಲೆಂದು ಯಾಜಕ ಇಂದಿಗೂ ಪ್ರಾರ್ಥಿಸುತ್ತಾನೆ. 14ನೆಯ ಶತಮಾನದಲ್ಲಿ ಆಥೋಸ್ ಬೆಟ್ಟದ ಸನ್ಯಾಸಿ ಗ್ರೆಗರಿ ಪಲಮಾಸ್, ನನ್ನ ಕತ್ತಲನ್ನು ಬೆಳಗು ಎಂದು ಸದಾ ಮೊರೆಯಿಡುತ್ತಿದ್ದನೆಂದು ಅವನ ಚರಿತ್ರಕಾರ ಬರೆದಿದ್ದಾನೆ. ಪ್ರಾರ್ಥನೆಯಲ್ಲಿ ಸನ್ಯಾಸಿಗಳು ಕಾಣುವ ಬೆಳಕು ದೇವರದ್ದೇ ಎನ್ನುವುದನ್ನು ಕಲಾಬ್ರಿಯದ ಬಾರ್ಲಾಮ್ ಒಪ್ಪಲಿಲ್ಲ. ಪಲಮಾಸ್ ಕೊಟ್ಟ ಉತ್ತರ: ದೇವರ ಸ್ವರೂಪ ಯಾರಿಗೂ ನಿಲುಕದು, ಆತನ ಶಕ್ತಿಗಳಲ್ಲಿ ಮಾತ್ರ ಮನುಷ್ಯ ನಿಜವಾಗಿ ಪಾಲುಗೊಳ್ಳಬಲ್ಲ. 1341 ಮತ್ತು 1351ರ ಕಾನ್‌ಸ್ಟಾಂಟಿನೋಪಲ್ ಸಮ್ಮೇಳನಗಳು ಪಲಮಾಸನ ಪಕ್ಷವನ್ನು ಎತ್ತಿಹಿಡಿದವು.

ಲ್ಯಾಟಿನ್ ಯುರೋಪಿನಲ್ಲಿ ಓದು ಮತ್ತು ಪ್ರಾರ್ಥನೆ ಒಂದೇ ಸೂರಿನಡಿ ಬೆಳೆದದ್ದು ಮಠಗಳಲ್ಲಿ. ಕಾರ್ತೂಸಿಯನ್ ಸನ್ಯಾಸಿ ಎರಡನೆಯ ಗೀಗೊ 12ನೆಯ ಶತಮಾನದಲ್ಲಿ ಓದು, ಮನನ, ಪ್ರಾರ್ಥನೆ, ಧ್ಯಾನದರ್ಶನ ಎಂಬ ನಾಲ್ಕು ಮೆಟ್ಟಿಲುಗಳನ್ನು ಹೆಸರಿಸಿದ. ಅದಕ್ಕೂ ಮೊದಲು ನಾರ್ಮಂಡಿಯ ಬೆಕ್ ಮಠದಲ್ಲಿ ಆನ್ಸೆಲ್ಮ್ ದೇವರ ಅಸ್ತಿತ್ವವನ್ನು ಒಂದೇ ವಾದದಿಂದ ತೋರಿಸಬಹುದೇ ಎಂದು ಚಿಂತಿಸುತ್ತ ಊಟ ನಿದ್ದೆ ಕಳೆದುಕೊಂಡಿದ್ದ. ಆರಾಧನೆಯಲ್ಲೂ ಮನಸ್ಸು ನಿಲ್ಲದೆ, ಇದು ಸೈತಾನನ ಕಾಟವಿರಬೇಕೆಂದು ಹೆದರಿದ್ದ. ಒಂದು ರಾತ್ರಿ ಪ್ರಾರ್ಥನೆಯ ಹೊತ್ತಿನಲ್ಲೇ ಅದು ಹೊಳೆಯಿತು ಎನ್ನುತ್ತಾನೆ ಅವನ ಚರಿತ್ರೆ ಬರೆದ ಈಡ್ಮರ್. ಮೇಣದ ಹಲಗೆಗಳ ಮೇಲೆ ಗೀಚಿಕೊಂಡದ್ದು ಕಳೆದುಹೋಯಿತು. ಮತ್ತೆ ಬರೆದರೆ ಹಲಗೆಗಳು ನೆಲದ ಮೇಲೆ ಚೂರಾಗಿ ಬಿದ್ದಿದ್ದವು. ಚೂರುಗಳನ್ನು ಜೋಡಿಸಿ, ಚರ್ಮದ ಹಾಳೆಗೆ ಇಳಿಸಿದ ಮೇಲೆ ಉಳಿದುಬಂದದ್ದೇ 1077–78ರ ‘ಪ್ರೊಸ್ಲೋಗಿಯನ್’. ತತ್ತ್ವಶಾಸ್ತ್ರದ ತರಗತಿಗಳಲ್ಲಿ ಅದನ್ನು ಬರಿಯ ತರ್ಕವೆಂದು ಕಲಿಸುವುದುಂಟು. ಪುಸ್ತಕವನ್ನು ತೆರೆದು ನೋಡಿದರೆ ಅದರ ಬಹುಪಾಲು ದೇವರನ್ನು ಉದ್ದೇಶಿಸಿ ಆಡಿದ ಮಾತು. ನಂಬಿದ್ದನ್ನು ತಿಳಿಯಬೇಕೆಂಬ ಹಂಬಲ ಅದರಲ್ಲಿ ಎಷ್ಟು ತೀವ್ರವೆಂದರೆ ಪ್ರಾರ್ಥನೆಯನ್ನು ತೆಗೆದುಹಾಕಿದರೆ ವಾದವೂ ಅನಾಥವಾಗುತ್ತದೆ.

ಥಾಮಸ್ ಅಕ್ವಿನಾಸ್ ಓದುವ, ವಾದಿಸುವ, ಬರೆಸುವ ಮುನ್ನ ಪ್ರತಿಸಲವೂ ಪ್ರಾರ್ಥಿಸುತ್ತಿದ್ದನೆಂದು ಅವನ ಮೊದಲ ಚರಿತ್ರಕಾರರು ದಾಖಲಿಸಿದ್ದಾರೆ. 1273ರ ಡಿಸೆಂಬರ್ 6ರಂದು ಬಲಿಪೂಜೆಯ ವೇಳೆ ಏನೋ ಅನುಭವವಾಗಿ, ಕಂಡದ್ದರ ಮುಂದೆ ತಾನು ಬರೆದದ್ದೆಲ್ಲ ಹುಲ್ಲಿನಂತೆ ಎನಿಸಿ, ತನ್ನ ಮಹಾಗ್ರಂಥವನ್ನು ಅರ್ಧಕ್ಕೇ ಬಿಟ್ಟ. ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಹೆಂಗಸರಿಗೂ ಈ ಪ್ರಾರ್ಥನೆಯ ಬಾಗಿಲು ಮುಚ್ಚಿರಲಿಲ್ಲ. ಇಂಗ್ಲೆಂಡಿನ ನಾರ್ವಿಚ್‌ನ ಜೂಲಿಯನ್ 1373ರ ಮೇ ತಿಂಗಳಲ್ಲಿ, ಸಾಯುವಂಥ ಕಾಯಿಲೆಯಲ್ಲಿ ಮಲಗಿದ್ದಾಗ, ತಾನು ಕಂಡ ದರ್ಶನಗಳ ಅರ್ಥವೇನೆಂದು ಕೇಳುತ್ತಲೇ ಇದ್ದಳು. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಉತ್ತರ ಬಂತು: ಎಲ್ಲದರ ಅರ್ಥ ಪ್ರೀತಿ. ಕೇಳಿದ ತಕ್ಷಣ ತಿಳಿವಳಿಕೆ ಸಿಗುತ್ತದೆಂದು ಭಾವಿಸುವವರು ಈ ಹದಿನೈದು ವರ್ಷವನ್ನು ನೆನಪಿಡಬೇಕು. ಇಂಗ್ಲಿಷಿನಲ್ಲಿ ಹೆಂಗಸೊಬ್ಬಳು ಬರೆದಳೆಂದು ಖಚಿತವಾಗಿ ತಿಳಿದಿರುವ ಮೊದಲ ಪುಸ್ತಕ ಅವಳದ್ದು. ಸಿಯೆನಾದ ಕ್ಯಾಥರೀನ್, ಆವಿಲಾದ ತೆರೇಸಾ ಇಬ್ಬರಿಗೂ ವಿದ್ಯಾಪೀಠದ ಶಿಕ್ಷಣವಿರಲಿಲ್ಲ. 1970ರಲ್ಲಿ ರೋಮ್ ಇವರಿಬ್ಬರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿತು. ಆ ಗೌರವ ಪಡೆದ ಮೊದಲ ಮಹಿಳೆಯರು ಇವರೇ.

ಸುಧಾರಣಾ ಚಳವಳಿ ಬೈಬಲನ್ನು ಜನರ ಕೈಗೆ ಕೊಟ್ಟಾಗ, ಓದಿದ್ದು ಅರ್ಥವಾಗಲೆಂಬ ಪ್ರಾರ್ಥನೆಯನ್ನೂ ಸಾರ್ವಜನಿಕಗೊಳಿಸಬೇಕಾಯಿತು. ಜ್ಯೂರಿಕ್‌ನಲ್ಲಿ ಸ್ವಿಂಗ್ಲಿ 1525ರ ಜೂನ್‌ನಲ್ಲಿ ಆರಂಭಿಸಿದ ಪಾಠಕೂಟದಲ್ಲಿ ಬೆಳಗ್ಗೆ ದೊಡ್ಡ ಚರ್ಚಿನಲ್ಲಿ ಪಾದ್ರಿಗಳೂ ವಿದ್ಯಾರ್ಥಿಗಳೂ ಸೇರುತ್ತಿದ್ದರು. ಮೊದಲು ಬುದ್ಧಿಯನ್ನು ಬೆಳಗೆಂಬ ಪ್ರಾರ್ಥನೆ. ನಂತರ ಹಳೆಯ ಒಡಂಬಡಿಕೆಯ ಅದೇ ಭಾಗವನ್ನು ಒಬ್ಬ ಲ್ಯಾಟಿನ್‌ನಲ್ಲಿ, ಇನ್ನೊಬ್ಬ ಹೀಬ್ರೂವಿನಲ್ಲಿ, ಮತ್ತೊಬ್ಬ ಗ್ರೀಕ್‌ನಲ್ಲಿ ಓದಿ ವಿವರಿಸುವುದು. ಕೊನೆಗೆ ಊರಿನವರಿಗೆ ಜರ್ಮನ್‌ನಲ್ಲಿ ಪ್ರಸಂಗ. ಮಾರ್ಟಿನ್ ಲೂಥರ್ 1539ರಲ್ಲಿ ತನ್ನ ಜರ್ಮನ್ ಬರಹಗಳ ಸಂಪುಟಕ್ಕೆ ಬರೆದ ಮುನ್ನುಡಿಯಲ್ಲಿ 119ನೆಯ ಕೀರ್ತನೆಯಿಂದಲೇ ಮೂರು ನಿಯಮ ತೆಗೆದ: ಪ್ರಾರ್ಥನೆ, ಮನನ, ಶೋಧನೆ. ಸ್ವಂತ ಬುದ್ಧಿಯನ್ನು ನಂಬದೆ ಕೋಣೆಯಲ್ಲಿ ಮೊಣಕಾಲೂರು, ಗಟ್ಟಿಯಾಗಿ ಓದಿ ಮತ್ತೆಮತ್ತೆ ಮೆಲುಕು ಹಾಕು. ಕಷ್ಟ ಬಂದಾಗಲೇ ತಿಳಿದದ್ದು ನಿಜವೋ ಎಂದು ಒರೆಗೆ ಹತ್ತುತ್ತದೆ. ಮೂರನೆಯದನ್ನು ಸೇರಿಸಿದ್ದು ಲೂಥರನ ದೊಡ್ಡ ಕೊಡುಗೆ. ಅದರಿಂದಾಗಿ ದೈವಜ್ಞಾನ ಕೋಣೆಯೊಳಗೇ ಮುಗಿಯುವ ವ್ಯವಹಾರವಾಗಲಿಲ್ಲ. ಇಂಗ್ಲೆಂಡಿನಲ್ಲಿ ಕ್ರ್ಯಾನ್ಮರ್ 1549ರ ಪ್ರಾರ್ಥನಾ ಪುಸ್ತಕದಲ್ಲಿ, ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಎರಡನೆಯ ಭಾನುವಾರಕ್ಕೆ, ಓದಿದ ವಾಕ್ಯ ಒಳಗೆ ಅರಗಲೆಂದು ಬೇಡುವ ಪ್ರಾರ್ಥನೆಯನ್ನು ಇಟ್ಟ. ಇತ್ತ ಕ್ಯಾಥೊಲಿಕರಲ್ಲಿ ಇಗ್ನೇಷಿಯಸ್ ಲೊಯೋಲನ ‘ಆಧ್ಯಾತ್ಮಿಕ ಸಾಧನೆಗಳು’ ಸಾಧಕನಿಂದ ಕ್ರಿಸ್ತನ ಅಂತರಂಗದ ಅರಿವನ್ನು ಬೇಡಿಸುತ್ತದೆ, ಇನ್ನೂ ಹೆಚ್ಚು ಪ್ರೀತಿಸಿ ಹಿಂಬಾಲಿಸಲೆಂದು.

ಕನ್ನಡನಾಡಿಗೆ ಈ ಧಾರೆ ಹರಿದ ಒಂದು ದಾರಿ ಜರ್ಮನಿಯ ಭಕ್ತಿಪಂಥದ್ದು. ಪಾದ್ರಿ ಸ್ಪೇನರ್ 1670ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಮನೆಯಲ್ಲೇ ಶುರುಮಾಡಿದ ಪ್ರಾರ್ಥನೆ-ಓದಿನ ಕೂಟಗಳಿಂದ ಬೆಳೆದ ಆ ಪಂಥದ ನೆಲದಿಂದಲೇ ಬಾಸೆಲ್ ಮಿಶನ್ ಹುಟ್ಟಿತು. ಅದರವರು 1834ರಲ್ಲಿ ಮಂಗಳೂರಿಗೆ ಬಂದರು. ಅಷ್ಟರಲ್ಲಿ ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್‌ನ ಶ್ರಮದಿಂದ 1831ರಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಬಂದಿತ್ತು. ಪೌಲನ ಸೆರೆಮನೆಯ ಪ್ರಾರ್ಥನೆಗಳನ್ನು ಕನ್ನಡಿಗರು ತಮ್ಮ ಮಾತಿನಲ್ಲೇ ಹೇಳಿಕೊಳ್ಳಬಹುದಾಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಪೆಂತೆಕೊಸ್ತ್ ಸಭೆಗಳು ಜ್ಞಾನವಾಕ್ಯವನ್ನು ಪವಿತ್ರಾತ್ಮನ ನೇರ ವರವೆಂದು ಒತ್ತಿಹೇಳಿದವು. ಕ್ಯಾಥೊಲಿಕರಲ್ಲಿ ಎರಡನೆಯ ವ್ಯಾಟಿಕನ್ ಸಮ್ಮೇಳನದ, ದೈವಪ್ರಕಟನೆಯನ್ನು ಕುರಿತ 1965ರ ದಸ್ತಾವೇಜು ಧರ್ಮಗ್ರಂಥದ ಓದಿಗೆ ಪ್ರಾರ್ಥನೆ ಜೊತೆಯಾಗಿರಬೇಕೆಂದು ಎಲ್ಲ ವಿಶ್ವಾಸಿಗಳಿಗೂ ಹೇಳಿತು. ಅದರ ಹಿಂದಿನ ವರ್ಷವೇ, 1964ರ ಡಿಸೆಂಬರ್‌ನಲ್ಲಿ, ಮುಂಬಯಿಗೆ ಬಂದಿದ್ದ ಆರನೆಯ ಪಾಲ್ ಪೋಪರು ಅನ್ಯಧರ್ಮಗಳ ಪ್ರತಿನಿಧಿಗಳ ಮುಂದೆ ಬೃಹದಾರಣ್ಯಕ ಉಪನಿಷತ್ತಿನ ಬೆಳಕಿನ ಪ್ರಾರ್ಥನೆಯನ್ನು ಸ್ಮರಿಸಿದ್ದರು. ಭಾರತದ ಕ್ರೈಸ್ತರಿಗೆ ಇದು ಸಣ್ಣ ಸಂಗತಿಯಾಗಿರಲಿಲ್ಲ. ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮಬೋಧನೆ ಮತ್ತು ಆರಾಧನಾ ಕೇಂದ್ರದಲ್ಲಿ ಡಿ. ಎಸ್. ಅಮಲೋರ್‌ಪವದಾಸ್ ಈ ಜಾಡನ್ನು ಮುಂದುವರಿಸಿದರು. ಕ್ರೈಸ್ತರ ಪ್ರಾರ್ಥನೆಯಲ್ಲಿ ಈ ನೆಲದ ಧರ್ಮಗ್ರಂಥಗಳಿಗೆ ಎಂಥ ಸ್ಥಾನ ಎಂಬುದರ ಬಗ್ಗೆ 1974ರ ಡಿಸೆಂಬರ್‌ನಲ್ಲಿ ಅಲ್ಲಿ ವಿಚಾರಗೋಷ್ಠಿ ನಡೆಯಿತು. ಅದನ್ನು ಕುರಿತ ಭಿನ್ನಾಭಿಪ್ರಾಯ ಬಹಳ ಕಾಲ ತಣಿಯಲಿಲ್ಲ. ಅಮಲೋರ್‌ಪವದಾಸ್ ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮದ ಅಧ್ಯಯನ ವಿಭಾಗವನ್ನು ಕಟ್ಟಿದರು, ಅದೇ ಊರಿನಲ್ಲಿ ಧ್ಯಾನಕ್ಕೆಂದು ಅಂಜಲಿ ಆಶ್ರಮವನ್ನೂ ಸ್ಥಾಪಿಸಿದರು.