ಸವಾರನ ತೂಕ, ಸ್ಪ್ರಿಂಗಿನ ಲೆಕ್ಕ: ಮೋಟಾರ್ ಸೈಕಲ್ ಸಸ್ಪೆನ್ಷನ್ನಿನ ಚರಿತ್ರೆ



ಕೊಡಗು ಜಿಲ್ಲೆಯ ಕುಶಾಲನಗರದಿಂದ ಸುಮಾರು ಒಂಬತ್ತು ಕಿಲೋಮೀಟರ್ ದೂರದಲ್ಲಿ ಹಾರಂಗಿ ಜಲಾಶಯವಿದೆ. ಕಾವೇರಿಯ ಉಪನದಿಯಾದ ಹಾರಂಗಿಗೆ ಅಡ್ಡಲಾಗಿ ಹುದುಗೂರಿನ ಬಳಿ ಕಟ್ಟಿದ ಈ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡಿತು. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣಗಳನ್ನು ದಾಟಿ ಮೋಟಾರ್ ಸೈಕಲ್ ಮೇಲೆ ಇಲ್ಲಿಗೆ ಬರುವ ತರುಣ ತರುಣಿಯರು ಅನೇಕ. ಕುಶಾಲನಗರದವರೆಗೆ ರಸ್ತೆ ಬಹುಮಟ್ಟಿಗೆ ನೇರ. ಅಲ್ಲಿಂದ ಮುಂದೆ ಸುಂಟಿಕೊಪ್ಪ, ಮಡಿಕೇರಿ, ಸೋಮವಾರಪೇಟೆಗಳ ಕಡೆಗೆ ಏರು, ಇಳಿಜಾರು, ತಿರುವು. ಮಳೆಗಾಲ ಕಳೆದ ಮೇಲೆ ಅಲ್ಲಲ್ಲಿ ಕಿತ್ತುಹೋದ ಡಾಂಬರು, ತೋಟದ ಮರಗಳ ನೆರಳಿನಲ್ಲಿ ಬೇಗ ಆರದ ತೇವ.

ಇಂಥ ದಾರಿಯಲ್ಲಿ ಒಂದೇ ಮಾದರಿಯ ಎರಡು ಸ್ಪೋರ್ಟ್ಸ್ ಬೈಕುಗಳು ಹೋಗುತ್ತಿವೆ ಎಂದುಕೊಳ್ಳಿ. ಒಂದರ ಸವಾರ 75 ಕೆ.ಜಿ. ತೂಕದವನು, ಇನ್ನೊಂದರ ಸವಾರಳು 50 ಕೆ.ಜಿ. ತೂಕದವಳು. ಹೊಂಡ ಬಂದಾಗ ಮೊದಲನೆಯ ಬೈಕು ಅದನ್ನು ನುಂಗಿಕೊಂಡು ಮುಂದೆ ಹೋಗುತ್ತದೆ. ಎರಡನೆಯದು ಎಗರುತ್ತದೆ. ತಿರುವಿನಲ್ಲಿ ಹಿಂದಿನ ಚಕ್ರ ಕ್ಷಣಕಾಲ ನೆಲ ಬಿಡುತ್ತದೆ. ನೋಡಿದವರು, "ಮೈಯಲ್ಲಿ ತೂಕವಿಲ್ಲ, ಇಂಥ ಗಾಡಿ ಏಕೆ?" ಎಂದು ಹೇಳಿಬಿಡುತ್ತಾರೆ. ಇದು ಸರಿಯಾದ ಉತ್ತರವಲ್ಲ. ಆ ಬೈಕಿನ ಸ್ಪ್ರಿಂಗನ್ನು ಎಷ್ಟು ಭಾರಕ್ಕೆಂದು ಮಾಡಿದ್ದರು ಎಂಬುದೇ ನಾವು ಕೇಳಬೇಕಾದ ಪ್ರಶ್ನೆ. ಇದಕ್ಕೆ ಉತ್ತರ ಬೇಕಾದರೆ ಸ್ವಲ್ಪ ಚರಿತ್ರೆಯನ್ನೂ ಸ್ವಲ್ಪ ಭೌತಶಾಸ್ತ್ರವನ್ನೂ ಒಟ್ಟಿಗೆ ಓದಬೇಕು.

ಆರಂಭದ ದಿನಗಳು

ಸ್ಪ್ರಿಂಗಿನ ಮೇಲೆ ಎಷ್ಟು ಭಾರ ಹಾಕುತ್ತೇವೆಯೋ ಅದಕ್ಕೆ ತಕ್ಕಂತೆ ಅದು ಜಗ್ಗುತ್ತದೆ ಅಥವಾ ಕುಗ್ಗುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. ನೀವು ಪ್ರಯೋಗಶಾಲೆಯಲ್ಲಿ ಮಾಡುವ ಹುಕ್ ನಿಯಮದ ಪ್ರಯೋಗ ಇದೇ. ನಮ್ಮ ಎತ್ತಿನ ಗಾಡಿಗೆ ಸ್ಪ್ರಿಂಗ್ ಇರಲಿಲ್ಲ, ಜಟಕಾ ಗಾಡಿಗೆ ಕಮಾನು ಪಟ್ಟಿ ಬಂದಿತು. 1885ರಲ್ಲಿ ಜರ್ಮನಿಯ ಡೈಮ್ಲರ್ ತಯಾರಿಸಿದ, ಮೊದಲ ಮೋಟಾರ್ ಸೈಕಲ್ ಎಂದು ಹೆಸರಾದ ವಾಹನದ ಚೌಕಟ್ಟು ಮರದ್ದು.

ಆಮೇಲಿನ ದಶಕಗಳಲ್ಲಿ ಮುಂದಿನ ಚಕ್ರಕ್ಕೆ ಗರ್ಡರ್ ಫೋರ್ಕ್ ಬಂದಿತು. ಇಲ್ಲಿ ಒಂದು ಸಂಗತಿ ಗಮನಾರ್ಹ. ಅಂದಿನ ಅನೇಕ ಗರ್ಡರ್ ಫೋರ್ಕುಗಳಲ್ಲಿ ಉಜ್ಜುವ ಬಿಲ್ಲೆಗಳ ಬಿಗಿತವನ್ನು ಸವಾರನೇ ಕೈಯಿಂದ ತಿರುಗಿಸಿ ಹೊಂದಿಸಿಕೊಳ್ಳಲು ಒಂದು ಗುಂಡಿ ಇರುತ್ತಿತ್ತು. ರಸ್ತೆಗೂ ತನ್ನ ಮೈತೂಕಕ್ಕೂ ತಕ್ಕಂತೆ ಗಾಡಿಯನ್ನು ಹದಗೊಳಿಸುವುದು ಸವಾರನ ಕೆಲಸಗಳಲ್ಲೊಂದು ಎಂದು ಆಗಲೇ ಒಪ್ಪಿಕೊಂಡಿದ್ದರು.

1935ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕಂಪನಿ ಎಣ್ಣೆಯ ತಡೆಯುಳ್ಳ ಟೆಲಿಸ್ಕೋಪಿಕ್ ಫೋರ್ಕನ್ನು ತನ್ನ ಬೈಕುಗಳಿಗೆ ಅಳವಡಿಸಿತು. ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ ಜಾರುವ ಈ ವಿಧಾನವೇ ಇಂದಿಗೂ ಬಹುತೇಕ ಬೈಕುಗಳಲ್ಲಿದೆ.

ಇಲ್ಲಿ ಎಣ್ಣೆಯ ಕೆಲಸವೇನು? ಹಾರಂಗಿಯನ್ನೇ ನೆನೆಯಿರಿ. ಅಣೆಕಟ್ಟು ನೀರನ್ನು ಹಿಡಿದಿಡುತ್ತದೆ. ತೂಬಿನಿಂದ ಅದನ್ನು ಅಳತೆಯಲ್ಲಿ ಹೊರಗೆ ಬಿಡುತ್ತಾರೆ. ಅಳತೆ ತಪ್ಪಿದರೆ ಕೆಳಗಿನವರಿಗೆ ತೊಂದರೆ. ಅದೇ ರೀತಿ ಸ್ಪ್ರಿಂಗ್ ಹೊಂಡದ ಪೆಟ್ಟಿನ ಶಕ್ತಿಯನ್ನು ಹಿಡಿದಿಡುತ್ತದೆ. ಶಾಕ್ ಅಬ್ಸಾರ್ಬರಿನೊಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ಹರಿಯುವಾಗ ಆ ಶಕ್ತಿ ನಿಧಾನವಾಗಿ ಶಾಖವಾಗಿ ಕಳೆದುಹೋಗುತ್ತದೆ. ಎಣ್ಣೆ ಇಲ್ಲದಿದ್ದರೆ ಗಾಡಿ ಕುಣಿಯುತ್ತಲೇ ಇರುತ್ತದೆ. ತಡೆ ವಿಪರೀತವಾದರೆ ಚಕ್ರ ಸಕಾಲಕ್ಕೆ ಕೆಳಗಿಳಿಯುವುದೇ ಇಲ್ಲ.

ಮೈಸೂರಿನ ಜಾವಾ

ಹಿಂದಿನ ಚಕ್ರಕ್ಕೆ ಈ ಸೌಲಭ್ಯ ತಡವಾಗಿ ಬಂದಿತು. ಚಕ್ರವನ್ನು ತೂಗುವ ತೋಳಿನಂತೆ ಹಿಡಿಯುವ ಸ್ವಿಂಗ್ ಆರ್ಮ್ ವಿಧಾನ ಎರಡನೆಯ ಮಹಾಯುದ್ಧದ ನಂತರ ಎಲ್ಲೆಡೆ ಹರಡಿತು. ರಾಯಲ್ ಎನ್‌ಫೀಲ್ಡ್ ಬುಲೆಟ್ 1949ರಲ್ಲಿ ಇದೇ ವಿಧಾನದೊಂದಿಗೆ ಮಾರುಕಟ್ಟೆಗೆ ಬಂದಿತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪನೆಯಾಯಿತು.

ಚೆಕೊಸ್ಲೊವಾಕಿಯಾದ ಜಾವಾ ಕಂಪನಿ 1950ರ ದಶಕದಲ್ಲಿ ಸ್ವಿಂಗ್ ಆರ್ಮ್ ಇರುವ 250 ಸಿಸಿ ಬೈಕನ್ನು ತಂದಿತು. ಅಲ್ಲಿನ ಜನ ಅದನ್ನು "ಕೀವಾಚ್ಕಾ" ಎಂದು ಕರೆದರು. ತೂಗಾಡುವುದು ಎಂಬ ಅರ್ಥದ ಮಾತಿನಿಂದ ಬಂದ ಅಡ್ಡಹೆಸರು ಅದು. ಅದೇ ಮಾದರಿ ನಮ್ಮ ನಾಡಿಗೂ ಬಂದಿತು. ಇರಾನಿ ಕುಟುಂಬದ ರುಸ್ತುಂ ಮತ್ತು ಫಾರೂಕ್ ಅವರು ಆರಂಭಿಸಿದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಉತ್ಪಾದನೆ ಶುರುಮಾಡಿತು. 1973ರಿಂದ ಬೈಕುಗಳಿಗೆ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈ ಮೂವತ್ತೈದು ವರ್ಷಗಳಲ್ಲಿ ಮೈಸೂರು, ಕೊಡಗು, ಹಾಸನದ ಊರೂರುಗಳಲ್ಲಿ ಜಾವಾ, ಯೆಜ್ಡಿಗಳು ಮನೆಮಾತಾದವು.

ಅಂದಿನ ಗಾಡಿಗಳ ಮೇಲೆ ಯಾರು ಕೂರುತ್ತಿದ್ದರು? ಮುಂದೆ ಯಜಮಾನ, ಹಿಂದೆ ಹೆಂಡತಿ, ಟ್ಯಾಂಕಿನ ಮೇಲೆ ಮಗು, ಪಕ್ಕದಲ್ಲಿ ಸಂತೆಯ ಚೀಲ. ನಮ್ಮ ದೇಶದಲ್ಲಿ ಮೋಟಾರ್ ಸೈಕಲ್ ಎಂದರೆ ಸಂಸಾರದ ವಾಹನ. ಇಷ್ಟೂ ಭಾರ ಹೊರುವ ಗಾಡಿಗೆ ಸ್ಪ್ರಿಂಗ್ ಗಟ್ಟಿಯಾಗಿಯೇ ಇರಬೇಕು. ಹಿಂದಿನ ಶಾಕ್ ಅಬ್ಸಾರ್ಬರಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ಉಂಗುರವನ್ನು ಅನೇಕ ಗಾಡಿಗಳಲ್ಲಿ ಕಾಣುತ್ತೀರಿ. ಅದರ ಮುಖ್ಯ ಉದ್ದೇಶ ಹಿಂದೆ ಒಬ್ಬರು ಕುಳಿತಾಗ ಬಿಗಿಗೊಳಿಸುವುದು. ಒಬ್ಬಂಟಿಯಾಗಿ ಹೋಗುವ 50 ಕೆ.ಜಿ. ಸವಾರ ಆ ಲೆಕ್ಕದ ಅಂಚಿನಲ್ಲಿ ಉಳಿದ.

ಸ್ಪೋರ್ಟ್ಸ್ ಬೈಕಿನ ಕಾಲ

1970ರ ದಶಕದಲ್ಲಿ ಬೆಲ್ಜಿಯಂನ ಪ್ರಾಧ್ಯಾಪಕ ಲ್ಯೂಸಿಯನ್ ಟಿಲ್ಕೆನ್ಸ್ ಹಿಂದಿನ ಚಕ್ರಕ್ಕೆ ಎರಡರ ಬದಲು ಒಂದೇ ಶಾಕ್ ಅಬ್ಸಾರ್ಬರ್ ಸಾಕು ಎಂಬ ವಿನ್ಯಾಸವನ್ನು ರೂಪಿಸಿದರು. ಯಮಹಾ ಅದನ್ನು ಕೊಂಡುಕೊಂಡಿತು. 1973ರಲ್ಲಿ ಸ್ವೀಡನ್ನಿನ ಹೋಕನ್ ಆಂಡರ್ಸನ್ ಅದೇ ವಿನ್ಯಾಸದ ಯಮಹಾ ಏರಿ 250 ಸಿಸಿ ಮೋಟೋಕ್ರಾಸ್ ವಿಶ್ವ ಪ್ರಶಸ್ತಿ ಗೆದ್ದರು. ಭಾರತದಲ್ಲಿ 2008ರಲ್ಲಿ ಬಂದ ಯಮಹಾ ಆರ್15, 2012ರಲ್ಲಿ ಬಂದ ಕೆಟಿಎಂ 200 ಡ್ಯೂಕ್ ಮೊದಲಾದ ಬೈಕುಗಳು ಒಂಟಿ ಶಾಕ್ ಅಬ್ಸಾರ್ಬರನ್ನು ಕಾಲೇಜು ವಿದ್ಯಾರ್ಥಿಗಳ ಕೈಗೆ ತಂದವು.

ಆದರೆ ಬೆಲೆಯನ್ನು ಹಿಡಿತದಲ್ಲಿಡಲು ಅನೇಕ ಬೈಕುಗಳಲ್ಲಿ ಮುಂದಿನ ಫೋರ್ಕಿಗೆ ಯಾವ ಹೊಂದಾಣಿಕೆಯನ್ನೂ ಕೊಡಲಿಲ್ಲ. ಹಿಂದೆ ಆ ಹಳೆಯ ಉಂಗುರ ಮಾತ್ರ ಉಳಿಯಿತು. ಹೊಸೂರಿನ ಟಿವಿಎಸ್ ಕಂಪನಿ 2021ರಲ್ಲಿ ಅಪಾಚೆ ಆರ್‌ಆರ್ 310 ಬೈಕಿಗೆ ಮುಂದೆ ಹಿಂದೆ ಎರಡೂ ಕಡೆ ಹೊಂದಿಸಬಹುದಾದ ಸಸ್ಪೆನ್ಷನ್ನನ್ನು ಹೆಚ್ಚಿನ ಬೆಲೆಗೆ ಕೊಡಲಾರಂಭಿಸಿತು. ಗರ್ಡರ್ ಫೋರ್ಕಿನ ಕಾಲದಲ್ಲಿ ಸವಾರನ ಕೈಯಲ್ಲಿದ್ದ ಗುಂಡಿ ಹೀಗೆ ಹೆಚ್ಚು ಹಣದ ವಸ್ತುವಾಯಿತು.

ಒಂದು ಲೆಕ್ಕ

ಈಗ ನಮ್ಮ ಇಬ್ಬರು ಸವಾರರ ಕಡೆಗೆ ಬರೋಣ. ಹಿಂದಿನ ಚಕ್ರ 1 ಮಿ.ಮೀ. ಕುಗ್ಗಲು 2 ಕೆ.ಜಿ. ಭಾರ ಬೇಕು ಎಂದು ಇಟ್ಟುಕೊಳ್ಳಿ. ಸವಾರನ ತೂಕದಲ್ಲಿ ನೂರಕ್ಕೆ ಅರವತ್ತು ಭಾಗ ಹಿಂದಿನ ಚಕ್ರದ ಮೇಲೆ ಬೀಳುತ್ತದೆ ಎನ್ನೋಣ. ಬೈಕು ತನ್ನ ಸ್ವಂತ ಭಾರಕ್ಕೆ 10 ಮಿ.ಮೀ. ಕುಸಿದಿದೆ.

75 ಕೆ.ಜಿ. ಸವಾರನಿಂದ 45 ಕೆ.ಜಿ. ಹಿಂದೆ ಬೀಳುತ್ತದೆ. ಕುಸಿತ 22.5 ಮಿ.ಮೀ., ಒಟ್ಟು 32.5 ಮಿ.ಮೀ. 50 ಕೆ.ಜಿ. ಸವಾರಳಿಂದ 30 ಕೆ.ಜಿ. ಬೀಳುತ್ತದೆ. ಕುಸಿತ 15 ಮಿ.ಮೀ., ಒಟ್ಟು 25 ಮಿ.ಮೀ. ಈ ಒಟ್ಟು ಕುಸಿತಕ್ಕೆ ಮೆಕ್ಯಾನಿಕರು "ಸ್ಯಾಗ್" ಎನ್ನುತ್ತಾರೆ. ರಸ್ತೆಯ ಸ್ಪೋರ್ಟ್ಸ್ ಬೈಕಿಗೆ ಅದು ಸಾಮಾನ್ಯವಾಗಿ 30ರಿಂದ 40 ಮಿ.ಮೀ. ಇರಬೇಕೆಂಬುದು ರೂಢಿ.

ಕುಸಿತ ಏಕೆ ಬೇಕು? ಹೊಂಡ ಬಂದಾಗ ಚಕ್ರ ಕೆಳಗಿಳಿದು ನೆಲವನ್ನು ಹಿಡಿಯಬೇಕು. ಎಷ್ಟು ಕುಸಿದಿದೆಯೋ ಅಷ್ಟೇ ಅದು ಕೆಳಗಿಳಿಯಬಲ್ಲದು. ನಮ್ಮ ಸವಾರಳಿಗೆ 7.5 ಮಿ.ಮೀ. ಕೊರತೆಯಾಯಿತು. ಟೈರು ನೆಲ ಬಿಟ್ಟ ಗಳಿಗೆಯಲ್ಲಿ ಬ್ರೇಕಿಗೂ ಹಿಡಿತವಿಲ್ಲ, ತಿರುವಿಗೂ ಹಿಡಿತವಿಲ್ಲ. ತೇವದ ರಸ್ತೆಯಲ್ಲಿ ಇದು ಬೀಳುವುದಕ್ಕೂ ಬೀಳದಿರುವುದಕ್ಕೂ ಇರುವ ಅಂತರವಾಗಬಹುದು.

ಎಣ್ಣೆಯ ತಡೆಯಲ್ಲೂ ಇದೇ ಸಮಸ್ಯೆ. 75 ಕೆ.ಜಿ. ಸವಾರನಿಗೆ ಹದವಾದ ತಡೆ, ಕಡಿಮೆ ಭಾರವಿದ್ದಾಗ ಹೆಚ್ಚಾಗುತ್ತದೆ. ಸಾಲು ಹೊಂಡಗಳಲ್ಲಿ ಚಕ್ರ ಪೂರ್ತಿ ಕೆಳಗಿಳಿಯುವ ಮೊದಲೇ ಮುಂದಿನ ಪೆಟ್ಟು ಬೀಳುತ್ತದೆ.

ಹೊಂದಿಸುವ ಕ್ರಮ

ಮೊದಲು ಟೈರಿನ ಗಾಳಿಯನ್ನು ಕಂಪನಿ ಹೇಳಿದ ಅಳತೆಗೆ ತನ್ನಿ. ಇಬ್ಬರು ಗೆಳೆಯರ ನೆರವಿನಿಂದ ಹಿಂದಿನ ಚಕ್ರವನ್ನು ನೆಲದಿಂದ ಎತ್ತಿಸಿ, ಚಕ್ರದ ಅಚ್ಚಿನಿಂದ ನೇರ ಮೇಲೆ ಸೀಟಿನ ಕೆಳಗಿನ ಒಂದು ಗುರುತಿನವರೆಗೆ ಅಳೆಯಿರಿ. ಬೈಕನ್ನು ನೆಲಕ್ಕಿಳಿಸಿ ಇನ್ನೊಮ್ಮೆ ಅಳೆಯಿರಿ. ಹೆಲ್ಮೆಟ್, ಜಾಕೆಟ್, ಬೂಟು ಧರಿಸಿ, ಎರಡೂ ಕಾಲು ಫುಟ್‌ರೆಸ್ಟಿನ ಮೇಲಿಟ್ಟು ಕುಳಿತು ಮತ್ತೊಮ್ಮೆ ಅಳೆಯಿಸಿ. ಮೊದಲ ಅಳತೆಯಿಂದ ಮೂರನೆಯದನ್ನು ಕಳೆದರೆ ಸ್ಯಾಗ್ ಸಿಗುತ್ತದೆ. ಮುಂದಿನ ಫೋರ್ಕಿನ ಹೊಳೆಯುವ ಕೊಳವೆಗೆ ತೆಳುವಾದ ಪ್ಲಾಸ್ಟಿಕ್ ಪಟ್ಟಿ ಕಟ್ಟಿದರೆ ಅಲ್ಲಿನ ಚಲನೆಯೂ ತಿಳಿಯುತ್ತದೆ.

ಸ್ಯಾಗ್ ಕಡಿಮೆ ಬಂದರೆ ಹಿಂದಿನ ಉಂಗುರವನ್ನು ಸಡಿಲಿಸಬೇಕು. ಇದನ್ನು ಪ್ರೀಲೋಡ್ ಇಳಿಸುವುದು ಎನ್ನುತ್ತಾರೆ. ಉಂಗುರ ತಿರುಗಿಸಿದರೆ ಸ್ಪ್ರಿಂಗೇ ಮೆತ್ತಗಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅದು ತಪ್ಪು. 1 ಮಿ.ಮೀ.ಗೆ 2 ಕೆ.ಜಿ. ಎಂಬ ಗುಣ ಹಾಗೆಯೇ ಇರುತ್ತದೆ, ಬೈಕು ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ನಮ್ಮ ಸವಾರಳು ಉಂಗುರ ಸಡಿಲಿಸಿ ಒಟ್ಟು ಸ್ಯಾಗನ್ನು 32.5ಕ್ಕೆ ತಂದರೆ, ಬೈಕಿನ ಸ್ವಂತ ಕುಸಿತ 10ರಿಂದ 17.5ಕ್ಕೆ ಏರುತ್ತದೆ. ಸವಾರಳು ಕುಳಿತಾಗ ಅಳತೆ ಸರಿ, ಖಾಲಿ ಬೈಕಿನ ಕುಸಿತ ಮಾತ್ರ ಹೆಚ್ಚು ಎಂದಾದರೆ ಸ್ಪ್ರಿಂಗ್ ಅವಳ ತೂಕಕ್ಕೆ ಗಟ್ಟಿಯಾಗಿದೆ ಎಂದರ್ಥ. ಎರಡೂ ಅಳತೆ ಸರಿಹೋಗಬೇಕಾದರೆ ನಮ್ಮ ಲೆಕ್ಕದ ಪ್ರಕಾರ 1 ಮಿ.ಮೀ.ಗೆ ಸುಮಾರು 1.33 ಕೆ.ಜಿ.ಯ ಸ್ಪ್ರಿಂಗ್ ಬೇಕು. ಕೆಲಸದಲ್ಲಿ ಇಷ್ಟು ದೊಡ್ಡ ಬದಲಾವಣೆಯನ್ನು ಒಮ್ಮೆಲೇ ಮಾಡುವುದಿಲ್ಲ. ಬೈಕಿನ ಭಾರ, ಹೊಂಡದ ಪೆಟ್ಟು ಎರಡನ್ನೂ ಎಣಿಸಿ ಒಂದೆರಡು ಹೆಜ್ಜೆ ಮೆತ್ತನೆಯ ಸ್ಪ್ರಿಂಗನ್ನು ತಿಳಿದವರಿಂದ ಹಾಕಿಸಬೇಕು.

ಆಮೇಲೆ ಎಣ್ಣೆಯ ತಡೆ. ತಿರುಪು ಇದ್ದರೆ ಒಂದೊಂದೇ ಕ್ಲಿಕ್ ಸಡಿಲಿಸಿ. ಸೀಟನ್ನು ಒತ್ತಿ ಬಿಟ್ಟಾಗ ಅದು ಒಂದೇ ಸಲಕ್ಕೆ ಮೇಲೆ ಬಂದು ನಿಲ್ಲಬೇಕು. ತೆವಳುತ್ತ ಬಂದರೆ ತಡೆ ಹೆಚ್ಚು, ಮತ್ತೆ ಮತ್ತೆ ಕುಣಿದರೆ ಕಡಿಮೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದನ್ನು ಪುಸ್ತಕದಲ್ಲಿ ಬರೆದಿಡಿ. ಹಿಂದೆ ಯಾರನ್ನಾದರೂ ಕೂರಿಸಿಕೊಳ್ಳುವ ದಿನ ಉಂಗುರವನ್ನು ಮತ್ತೆ ಬಿಗಿಗೊಳಿಸಲು ಮರೆಯಬೇಡಿ.

ಒಂದು ಎಚ್ಚರಿಕೆ. ಕಾಲು ನೆಲಕ್ಕೆ ತಾಗಲೆಂದೇ ಕೆಲವರು ಉಂಗುರವನ್ನು ಪೂರ್ತಿ ಸಡಿಲಿಸುತ್ತಾರೆ. ಹಾಗೆ ಮಾಡಿದರೆ ಹಿಂಭಾಗ ತೀರ ತಗ್ಗಿ, ಬೈಕು ತಿರುವಿನಲ್ಲಿ ಮಂದವಾಗಿ ತಿರುಗುತ್ತದೆ. ಉಂಗುರ ಇರುವುದು ಸ್ಯಾಗ್ ಹೊಂದಿಸಲು, ಎತ್ತರದ ತೊಂದರೆಗೆ ಸೀಟನ್ನು ಸರಿಪಡಿಸಿಕೊಳ್ಳುವುದು ಲೇಸು.

ಹಗುರ ಮೈಯವರ ಸಾಧನೆ

ಹಗುರವಾಗಿರುವುದು ದೌರ್ಬಲ್ಯವೇ? ಸ್ಪೇನಿನ ಡಾನಿ ಪೆದ್ರೋಸಾ ಅವರ ತೂಕ ಸುಮಾರು 51 ಕೆ.ಜಿ. 2003ರಲ್ಲಿ 125 ಸಿಸಿ, 2004 ಮತ್ತು 2005ರಲ್ಲಿ 250 ಸಿಸಿ ವಿಭಾಗದ ವಿಶ್ವ ಚಾಂಪಿಯನ್ ಆದರು. ಮೋಟೋಜಿಪಿಯಲ್ಲಿ 31 ಸ್ಪರ್ಧೆಗಳನ್ನು ಗೆದ್ದರು. ಹಗುರ ದೇಹದಿಂದ ಅವರಿಗೆ ವೇಗ ಪಡೆಯುವಲ್ಲಿ ಅನುಕೂಲವಿತ್ತು. ಅದರಿಂದಲೇ ಟೈರಿನ ಮೇಲೆ ಸಾಕಷ್ಟು ಭಾರ ಬೀಳದೆ, ಅದು ಬೇಕಾದಷ್ಟು ಬಿಸಿಯಾಗದ ತೊಂದರೆಯೂ ಇತ್ತು. ಅಂದರೆ ಜಗತ್ತಿನ ಉತ್ತಮ ತಂಡಗಳಿಗೂ ಹಗುರ ಸವಾರರ ಹೊಂದಾಣಿಕೆ ಪ್ರತ್ಯೇಕ ಪರಿಶ್ರಮದ ವಿಷಯವೇ.

ನಮ್ಮ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದು, ಮೋಟಾರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. ಮರಳು, ಕಲ್ಲು, ದಿಣ್ಣೆಗಳ ಮೇಲೆ ನೂರಾರು ಕಿಲೋಮೀಟರ್ ಓಡುವ ಆ ಸ್ಪರ್ಧೆಯಲ್ಲಿ ಸಸ್ಪೆನ್ಷನ್ ಸವಾರರಿಗೆ ಹೊಂದದಿದ್ದರೆ ಗುರಿ ಮುಟ್ಟುವುದೇ ಕಷ್ಟ.

ಕಾರ್ಖಾನೆ ಒಬ್ಬ ಸರಾಸರಿ ಸವಾರನನ್ನು ಊಹಿಸಿಕೊಂಡು ಗಾಡಿ ಮಾಡುತ್ತದೆ. ಹಾಗೆ ಮಾಡದೆ ಅದಕ್ಕೆ ಬೇರೆ ದಾರಿಯಿಲ್ಲ. ಆ ಸರಾಸರಿಗಿಂತ ಹಗುರವಾಗಿರುವವರು ತಮ್ಮನ್ನೇ ದೂಷಿಸಿಕೊಳ್ಳಬೇಕಾಗಿಲ್ಲ, ಗಟ್ಟಿ ಗಾಡಿಯೇ ಸ್ಪೋರ್ಟ್ಸ್ ಗಾಡಿ ಎಂದು ಸಹಿಸಿಕೊಳ್ಳಲೂ ಬೇಕಾಗಿಲ್ಲ. ಅಳತೆಪಟ್ಟಿ ಹಿಡಿದು ಅಳೆಯುವುದರಿಂದ ಆರಂಭಿಸಿದರೆ ಸಾಕು.

ಮಾಡಿ ನೋಡಿ: ಮನೆಯಲ್ಲಿರುವ ಯಾವುದಾದರೂ ಬೈಕಿನ ಮೂರು ಅಳತೆಗಳನ್ನು ಮೇಲೆ ಹೇಳಿದಂತೆ ತೆಗೆಯಿರಿ. ಬೇರೆ ಬೇರೆ ತೂಕದ ನಾಲ್ವರನ್ನು ಕೂರಿಸಿ, ತೂಕ ಮತ್ತು ಕುಸಿತಗಳ ನಕ್ಷೆ ಬರೆಯಿರಿ. ಅದು ಬಹುಮಟ್ಟಿಗೆ ನೇರ ರೇಖೆಯಾಗಿ ಬಂದರೆ ಅದಕ್ಕೆ ಕಾರಣವೇನು, ಬಾರದಿದ್ದರೆ ಅದಕ್ಕೆ ಕಾರಣವೇನು ಎಂದು ನಿಮ್ಮ ಭೌತಶಾಸ್ತ್ರದ ಅಧ್ಯಾಪಕರೊಡನೆ ಚರ್ಚಿಸಿ.