ಹರಿಹರದ ವಿಗ್ರಹವೂ 1957ರ ಜ್ವರವೂ

1957ರಲ್ಲಿ ನಾನು ದಾವಣಗೆರೆಯಲ್ಲಿ ಹತ್ತು ವರ್ಷದ ಹುಡುಗ. ಆ ಮಳೆಗಾಲದಲ್ಲಿ ನಮ್ಮ ಮನೆಯ ಐವರೂ ಒಂದೇ ವಾರದಲ್ಲಿ ಜ್ವರದಿಂದ ಹಾಸಿಗೆ ಹಿಡಿದೆವು. ಅಜ್ಜಿ ಮಲಗಿದಲ್ಲಿಂದಲೇ ದುಗ್ಗಮ್ಮನಿಗೆ ಹರಕೆ ಹೊತ್ತಳು. ನಾಲ್ವರು ಎದ್ದೆವು, ಸೋದರತ್ತೆ ಏಳಲಿಲ್ಲ.

ಊರಿನಲ್ಲಿ ಎರಡು ಮಾತುಗಳಿದ್ದವು. ಶಿವಮೊಗ್ಗದ ಕಡೆಯಿಂದ ಬಂದವರು ಕಾಡಿನಲ್ಲಿ ಮಂಗಗಳು ಸಾಯುತ್ತಿರುವ ಸುದ್ದಿ ಹೇಳುತ್ತಿದ್ದರು. ಪತ್ರಿಕೆ ಓದುವವರು ಮದ್ರಾಸಿಗೆ ಹಡಗಿನಲ್ಲಿ ಬಂದಿಳಿದ ಜ್ವರವೆನ್ನುತ್ತಿದ್ದರು. ಎರಡೂ ನಿಜ, ಆದರೆ ಬೇರೆ ಬೇರೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಜ್ವರ ಉಣ್ಣೆಯ ಕಡಿತದಿಂದ ಬರುವಂಥದು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅದರ ವೈರಸ್ಸನ್ನು ಅದೇ ವರ್ಷ ಗುರುತಿಸಿದರು. ಅದು ಮನುಷ್ಯನಿಂದ ಮನುಷ್ಯನಿಗೆ ಹರಡದು. ನಮ್ಮ ಬೀದಿಗೆ ಬಂದದ್ದು ಚೀನಾದಲ್ಲಿ ಕಾಣಿಸಿಕೊಂಡು ಮೇ ತಿಂಗಳಲ್ಲಿ ಮದ್ರಾಸು ಮುಟ್ಟಿದ ಇನ್‌ಫ್ಲುಯೆಂಜಾ ಎಂದೇ ನನ್ನ ನಂಬಿಕೆ.

ವೈರಸ್ ಹೆಚ್ಚುವ ಬಗೆ ವಿಚಿತ್ರ. ಅದು ಬೆಳೆಯುವುದಿಲ್ಲ, ಸೀಳಿ ಎರಡಾಗುವುದೂ ಇಲ್ಲ. ಶ್ವಾಸಮಾರ್ಗದ ಜೀವಕೋಶವೊಂದನ್ನು ಹೊಕ್ಕು ತನ್ನ ಹೊದಿಕೆಯನ್ನು ಕಳಚಿಕೊಳ್ಳುತ್ತದೆ. ಒಳಗಿದ್ದ ಎಂಟು ಆರ್‌ಎನ್‌ಎ ತುಂಡುಗಳು ಕೋಶಕೇಂದ್ರವನ್ನು ಸೇರಿ ನಕಲಾಗುತ್ತವೆ. ಬೇಕಾದ ಪ್ರೋಟೀನುಗಳನ್ನು, ತನ್ನವೇ ಎಂದು ಬಗೆದಂತೆ, ಕೋಶವೇ ತಯಾರಿಸಿಕೊಡುತ್ತದೆ. ಅದರ ಹೊರಪೊರೆಯಲ್ಲಿ ಹೊಸ ಕಣಗಳು ಜೋಡಣೆಗೊಂಡು ಕೆಲವೇ ತಾಸುಗಳಲ್ಲಿ ಹೊರಬೀಳುತ್ತವೆ. ಒಂದೇ ಕೋಶವನ್ನು ಎರಡು ಬಗೆಯ ಇನ್‌ಫ್ಲುಯೆಂಜಾ ವೈರಸ್ ಹೊಕ್ಕರೆ ತುಂಡುಗಳು ಕಲೆತುಹೋಗುತ್ತವೆ. ಆಗ ಲೆಕ್ಕಕ್ಕೆ 256 ಬಗೆಯ ಜೋಡಣೆಗಳು ಸಾಧ್ಯ.

ಹರಿಹರದ ಗುಡಿ ನಮಗೆ ದೂರವಲ್ಲ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು. ಬಲಕ್ಕೆ ಹರ, ಎಡಕ್ಕೆ ಹರಿ. ಶಿಲ್ಪಿ ಇಬ್ಬರನ್ನೂ ಒಂದೇ ಮೈಯಲ್ಲಿ ಕೂಡಿಸಿದ್ದಾನೆ. ದೇವರನ್ನು ರೋಗದ ಮಾತಿಗೆ ಎಳೆತಂದೆನೆಂದು ಯಾರೂ ಮುನಿಯಬಾರದು. ಬಾಲ್ಯದಿಂದ ಕಣ್ಣಾರೆ ಕಂಡ ಕೂಡುರೂಪ ನನಗೆ ಅದೊಂದೇ. 1957ರ ವೈರಸ್ಸಿನಲ್ಲಿ ಅಂಥ ಅಚ್ಚುಕಟ್ಟಾದ ನಡುಗೆರೆ ಇರಲಿಲ್ಲ. ಐದು ತುಂಡುಗಳು 1918ರಿಂದ ಮನುಷ್ಯರಲ್ಲಿ ಸುಳಿದಾಡುತ್ತಿದ್ದ ಇನ್‌ಫ್ಲುಯೆಂಜಾದವು, ಮೂರು ಹಕ್ಕಿಯ ವೈರಸ್ಸಿನವು. ಆ ಮೂರರಲ್ಲಿ ಎರಡು ಹೊರಮೈಯ ಪ್ರೋಟೀನುಗಳನ್ನು ರೂಪಿಸುವಂಥವು. ದೇಹದ ಕಾವಲು ಮುಖ್ಯವಾಗಿ ಗುರುತು ಹಿಡಿಯುವುದು ಆ ಹೊರಮೈಯನ್ನೇ. ಆದಕಾರಣ ನಮ್ಮತ್ತೆಯ ವಯಸ್ಸಿನವರ ದೇಹಕ್ಕೆ ಬಂದವನು ಪೂರಾ ಅಪರಿಚಿತ.

1968ರಲ್ಲಿ ಮತ್ತೊಂದು ಜೋಡಣೆ ತಲೆಯೆತ್ತಿತು. ಹಕ್ಕಿಯಿಂದ ಎರಡು ತುಂಡುಗಳು ಹೊಸದಾಗಿ ಸೇರಿದವು. 1957ರ ವೈರಸ್ ಜನರ ನಡುವಿನಿಂದ ಮರೆಯಾಯಿತು. ಅದರ ಆರು ತುಂಡುಗಳು ಮಾತ್ರ ಹೊಸದರ ಒಳಗೆ ಉಳಿದುಕೊಂಡವು. ಆ ಸಂತತಿ ಇಂದಿಗೂ ವರ್ಷವರ್ಷ ಬಂದುಹೋಗುತ್ತಿದೆ. ಮಳೆಗಾಲದಲ್ಲಿ ಮೊಮ್ಮಗಳ ಹಣೆ ಮುಟ್ಟಿ ನೋಡುವಾಗ ನನಗೆ ಅತ್ತೆಯ ನೆನಪಾಗುತ್ತದೆ.