ನಾಗರಿಕಪ್ರಣಿಧಿಯೂ ನೆಲೆಯಿಲ್ಲದವರೂ

ಕೌಟಿಲ್ಯನ ಅರ್ಥಶಾಸ್ತ್ರವು ಆರ್. ಶಾಮಶಾಸ್ತ್ರಿಗಳ ಪರಿಶ್ರಮದಿಂದ ೧೯೦೯ರಲ್ಲಿ ಮೈಸೂರಿನಲ್ಲಿ ಮುದ್ರಿತವಾದಂದಿನಿಂದ ಅದರ ರಾಜನೀತಿಯ ವಿಷಯವಾಗಿ ವಿಪುಲವಾದ ಚರ್ಚೆ ನಡೆದಿದೆ. ಎರಡನೆಯ ಅಧಿಕರಣದ ಮೂವತ್ತಾರನೆಯ ಅಧ್ಯಾಯವಾದ ನಾಗರಿಕಪ್ರಣಿಧಿಯನ್ನು ಮಾತ್ರ ಜನಗಣತಿ, ಅಗ್ನಿಭಯ, ಬೀದಿಗಳ ಶುಚಿತ್ವ ಇವುಗಳಿಗಾಗಿ ಓದುವುದೇ ರೂಢಿಯಾಗಿದೆ. ಇಲ್ಲಿ ನಾಗರಿಕನೆಂದರೆ ಪಟ್ಟಣದ ಮುಖ್ಯಾಧಿಕಾರಿ; ಇಂದಿನ ಕನ್ನಡದ ಅರ್ಥವನ್ನು ಮರೆಯಬೇಕು. ಮನೆಯಿಲ್ಲದೆ ಪಟ್ಟಣದಲ್ಲಿ ಮಲಗಿದವನ ಗತಿಯೇನೆಂಬುದನ್ನೂ ಈ ಅಧ್ಯಾಯವೇ ಹೇಳುತ್ತದೆ.

ಧರ್ಮಶಾಲೆಯವರು ಪಾಷಂಡಿಗಳಿಗೂ ಪಥಿಕರಿಗೂ ಅಧಿಕಾರಿಗೆ ತಿಳಿಸಿದ ಮೇಲೆಯೇ ಇಂಬು ಕೊಡತಕ್ಕದ್ದು. ದಾರಿಯಲ್ಲಿಯೂ ದಾರಿಯಿಲ್ಲದೆಡೆಯಲ್ಲಿಯೂ ತಿರುಗುವ ಚಾರರು ದೇವಾಲಯ, ಪುಣ್ಯಸ್ಥಾನ, ವನ, ಶ್ಮಶಾನಗಳನ್ನು ಶೋಧಿಸಿ, ಗಾಯವುಳ್ಳವನನ್ನು, ಆಯುಧವುಳ್ಳವನನ್ನು, ಹೊರೆ ಹೊತ್ತವನನ್ನು, ಗಾಬರಿಗೊಂಡವನನ್ನು ಹಿಡಿಯಬೇಕು. ಇಷ್ಟರವರೆಗೆ ಕಳ್ಳನ ಲಕ್ಷಣವೆಂದು ಒಪ್ಪಬಹುದು. ಆದರೆ ಆ ಸಾಲಿನಲ್ಲಿಯೇ ಅತಿಸ್ವಪ್ನ, ಅಧ್ವಕ್ಲಾಂತ ಎಂಬ ಎರಡು ಪದಗಳಿವೆ: ಬಹಳ ನಿದ್ರಿಸುವವನು, ದಾರಿ ನಡೆದು ದಣಿದವನು. ಪಾಳುಮನೆಗಳನ್ನೂ ಅನ್ನ ಮಾರುವ ಅಂಗಡಿಗಳನ್ನೂ ಹೀಗೆಯೇ ಹುಡುಕತಕ್ಕದ್ದು. ದಣಿವೇ ಸಂಶಯಕ್ಕೆ ಕಾರಣವಾಯಿತು.

ಅದೇ ಅಧಿಕರಣದ ಮೊದಲನೆಯ ಅಧ್ಯಾಯದಲ್ಲಿ ಬಾಲ, ವೃದ್ಧ, ವ್ಯಾಧಿತ, ಅನಾಥ ಮೊದಲಾದವರನ್ನು ರಾಜನು ಪೋಷಿಸಬೇಕೆಂದಿದೆ. ಇದನ್ನು ಉದಾಹರಿಸಿ ಪ್ರಾಚೀನರ ದಯೆಯನ್ನು ಕೊಂಡಾಡುವವರು ಅನೇಕರುಂಟು. ನಾನೂ ಹಿಂದೆ ಹಾಗೆಯೇ ಪಾಠ ಹೇಳಿದವನು. ಈ ನಾಲ್ವರೇ ನಾಗರಿಕಪ್ರಣಿಧಿಯಲ್ಲಿ ಪುನಃ ಕಾಣಿಸಿಕೊಳ್ಳುತ್ತಾರೆ, ಸೆರೆಮನೆಯಲ್ಲಿ! ರಾಜನ ಜನ್ಮನಕ್ಷತ್ರದಂದೂ ಹುಣ್ಣಿಮೆಗಳಲ್ಲಿಯೂ ಅವರನ್ನು ಬಿಡುಗಡೆ ಮಾಡಬೇಕೆಂಬುದು ವಿಧಿ. ಬಿಡಬೇಕಾದರೆ ಅವರು ಒಳಗೆ ಇದ್ದಿರಲೇಬೇಕಷ್ಟೆ. ಅವರೆಲ್ಲರೂ ನಿದ್ರೆಯಿಂದಲೇ ಸಿಕ್ಕಿಬಿದ್ದವರೆಂದು ಸಾಧಿಸಲು ಗ್ರಂಥದಲ್ಲಿ ಆಧಾರವಿಲ್ಲ. ಆದರೂ ಪೋಷಣೆಯ ಪಟ್ಟಿಯೂ ಬಂಧನದ ಪಟ್ಟಿಯೂ ಒಂದೇ ಆಗಿರುವುದು ಕೇವಲ ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಇರುಳಿನ ತೂರ್ಯಧ್ವನಿಯಾದ ಮೇಲೆ ಸಂಚರಿಸುವವರಿಗೆ ದಂಡವುಂಟು. ಹೆರಿಗೆ, ವೈದ್ಯ, ಶವ, ನಾಟಕ, ಬೆಂಕಿ ಇವುಗಳ ನಿಮಿತ್ತವಾಗಿ ಹೊರಟವರನ್ನೂ, ದೀಪ ಹಿಡಿದವರನ್ನೂ, ಮುದ್ರೆಯುಳ್ಳವರನ್ನೂ ಹಿಡಿಯಲಾಗದು. ಮಲಗಲು ಎಡೆಯಿಲ್ಲವೆಂಬ ಕಾರಣವು ಈ ಪಟ್ಟಿಯಲ್ಲಿಲ್ಲ. ತಡೆಯಬಾರದವನನ್ನು ತಡೆದ ಕಾವಲುಗಾರನಿಗೂ, ತಡೆಯಬೇಕಾದವನನ್ನು ಬಿಟ್ಟ ಕಾವಲುಗಾರನಿಗೂ ಅಕಾಲಸಂಚಾರದ ದಂಡದ ಇಮ್ಮಡಿಯನ್ನು ವಿಧಿಸಿದೆ. ಈ ರಕ್ಷಣೆಯು ಪ್ರಾಯಶಃ ಮನೆಯುಳ್ಳವನಿಗೇ ಒದಗಿರಬೇಕು. ಆದರೆ ಹಿಡಿಯುವವನ ತಪ್ಪನ್ನು ಹಿಡಿಸಿಕೊಂಡವನ ತಪ್ಪಿಗಿಂತ ಎರಡರಷ್ಟು ಭಾರವೆಂದು ತೂಗಿದ್ದಾರೆ.

ನಮ್ಮ ನಾಡಿನ ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ ೧೧೬೨ರ ಶಾಸನವೂ ಇಂತಹದೇ ಒಂದು ಪಟ್ಟಿಯನ್ನು ಕೊಡುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ನಾನಾ ಮತದ ಭಿಕ್ಷುಗಳು ಇವರೆಲ್ಲರಿಗೂ ಅನ್ನ, ರೋಗಿಗಳಿಗೆ ಔಷಧ, ಸಕಲ ಜೀವಿಗಳಿಗೆ ಅಭಯ. ಪ್ರಶಸ್ತಿಯ ಮಾತನ್ನು ಲೆಕ್ಕದ ಕಡತವೆಂದು ನಂಬಬಾರದು. ಹಾಗಿದ್ದರೂ ಕೌಟಿಲ್ಯನು ಶೋಧಿಸಹೇಳಿದ ಪಾಷಂಡಿಯು ಇಲ್ಲಿ ಪಂಕ್ತಿಯಲ್ಲಿ ಕುಳಿತಿದ್ದಾನೆಂಬುದು ಸ್ಪಷ್ಟ.

ಇಂದಿನ ಕಾನೂನುಗಳು ಹುಟ್ಟಿದುದು ಇವೆರಡರಿಂದಲೂ ಅಲ್ಲ, ಇಂಗ್ಲೆಂಡಿನ ೧೮೨೪ರ ಅಲೆಮಾರಿಗಳ ಶಾಸನದಿಂದ. ಪಾಳುಕಟ್ಟಡದಲ್ಲಾಗಲಿ ಬಯಲಿನಲ್ಲಾಗಲಿ ತಂಗಿ, ಕಣ್ಣಿಗೆ ಕಾಣುವ ಜೀವನೋಪಾಯವಿಲ್ಲದೆ, ತನ್ನ ವಿಷಯವಾಗಿ ಸಮರ್ಪಕವಾದ ಉತ್ತರ ಕೊಡಲಾರದವನಿಗೆ ಅದು ಸೆರೆಯನ್ನು ವಿಧಿಸಿತು. ಆ ಜೀವನೋಪಾಯದ ಮಾತು ಮುಂಬಯಿಯ ೧೯೫೯ರ ಭಿಕ್ಷಾಟನನಿರೋಧ ಶಾಸನದಲ್ಲಿಯೂ ಬಂದು ಕುಳಿತಿತು. ಬೇಡದಿದ್ದರೂ ಸರಿಯೇ, ಬೇಡಿ ಬದುಕುವವನಂತೆ ಸಾರ್ವಜನಿಕ ಸ್ಥಳದಲ್ಲಿ ತೋರಿದರೆ ಅವನು ಭಿಕ್ಷುಕ. ಪೋಲೀಸರು ವಾರಂಟಿಲ್ಲದೆ ಹಿಡಿಯಬಹುದು. ಮೊದಲನೆಯ ಸಲಕ್ಕೆ ಒಂದರಿಂದ ಮೂರು ವರ್ಷಗಳವರೆಗೆ ನಿರೋಧ. ಭಿಕ್ಷೆಗಾಗಿ ಗಾಯವನ್ನು ತೋರಿಸುವವನೂ ಅಲ್ಲಿದ್ದಾನೆ. ಕೌಟಿಲ್ಯನಲ್ಲಿ ಗಾಯವು ಕಾದಾಟದ ಗುರುತಾಗಿದ್ದರೆ ಇಲ್ಲಿ ದಾರಿದ್ರ್ಯದ ಗುರುತಾಗಿದೆ. ಇಮ್ಮಡಿ ದಂಡದ ಸೂತ್ರ ಮಾತ್ರ ಈ ಶಾಸನದಲ್ಲಿಲ್ಲ.

ಮೈಸೂರು ಸಂಸ್ಥಾನವು ೧೯೪೪ರಲ್ಲಿಯೇ ಭಿಕ್ಷಾಟನೆಯನ್ನು ನಿಷೇಧಿಸಿತ್ತು. ೧೯೭೫ರಲ್ಲಿ ಕರ್ನಾಟಕಕ್ಕೆ ಹೊಸ ಶಾಸನವಾಯಿತು. ದೆಹಲಿಗೂ ವಿಸ್ತರಿಸಲ್ಪಟ್ಟಿದ್ದ ಮುಂಬಯಿಯ ಶಾಸನದಲ್ಲಿ ಭಿಕ್ಷೆಯನ್ನು ಅಪರಾಧವೆಂದೆಣಿಸುವ ವಿಧಿಗಳನ್ನು ಅಲ್ಲಿಯ ಉಚ್ಚ ನ್ಯಾಯಾಲಯವು ೨೦೧೮ರ ಆಗಸ್ಟ್ ೮ರಂದು ಸಂವಿಧಾನವಿರುದ್ಧವೆಂದು ತಳ್ಳಿಹಾಕಿತು. ಆ ತೀರ್ಪು ದೆಹಲಿಯ ಎಲ್ಲೆಯೊಳಗಿನ ಆ ಶಾಸನಕ್ಕೆ ಸಂಬಂಧಿಸಿದುದು.